ಗಾಲ್ಫ್ ಕ್ಲಬ್ಬಿಗೆ ಅತಿಥಿಯಾಗಿ ಹೋಗುವವರಿಗೆ: ಕಲಬುರಗಿಯಿಂದ ಹೊರಡುವ ಮೊದಲು ತಿಳಿದಿರಬೇಕಾದದ್ದು

11 ವರ್ಷದ ಹಿಂದಿನ ಮಾತು. ನಮ್ಮ ಮಿಲ್ಲಿನಿಂದ ತೊಗರಿ ಬೇಳೆ ಕೊಳ್ಳುವ ಹೈದರಾಬಾದಿನ ಹಿರಿಯರೊಬ್ಬರು ಫೋನ್ ಮಾಡಿ, "ಭಾನುವಾರ ಮುಂಜಾನೆ ಕ್ಲಬ್ಬಿಗೇ ಬಂದುಬಿಡಪ್ಪಾ, ನಾಷ್ಟಾ ಅಲ್ಲೇ ಮಾಡೋಣ" ಅಂದರು. ಅವರ ಮನೆತನ ಬೀದರ್ ಕಡೆಯದು. ನಾವು ಅವರನ್ನು ಕಾಕಾ ಅಂತಲೇ ಕರೆಯುತ್ತೇವೆ. ನಾನು ಹೊಸ ರೌಂಡ್ ನೆಕ್ ಟೀ ಶರ್ಟ್ ಹಾಕಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೋದೆ. ಬೇಸಿಗೆ, ಅದೇ ಆರಾಮ ಅನಿಸಿತ್ತು.

ಬಾಗಿಲ ಹತ್ತಿರ ಇದ್ದ ಹುಡುಗ ಬಹಳ ಮೆತ್ತಗೆ, ಈ ಬಟ್ಟೆಯಲ್ಲಿ ಒಳಗೆ ಬಿಡಲು ಆಗುವುದಿಲ್ಲ ಎಂದ. ಕಾಕಾ ಒಳಗಿಂದ ಬಂದರು. ಒಂದು ಮಾತೂ ಆಡದೆ ಅಲ್ಲಿಯ ಅಂಗಡಿಯಲ್ಲೇ ಕಾಲರ್ ಇರುವ ಟೀ ಶರ್ಟ್ ಕೊಡಿಸಿದರು. ತಮ್ಮ ಲಾಕರ್‌ನಿಂದ ಒಂದು ಜೊತೆ ಶೂ ತಂದುಕೊಟ್ಟರು. ಅವು ನನ್ನ ಕಾಲಿಗೆ ದೊಡ್ಡವು. ಅವರ ಮೂವರು ಸ್ನೇಹಿತರು ಅಷ್ಟೂ ಹೊತ್ತು ಕಾಯುತ್ತಾ ನಿಂತಿದ್ದರು. ನನಗೆ ಆವತ್ತು ಬಟ್ಟೆಗಿಂತ ಜಾಸ್ತಿ ಕಾಡಿದ್ದು ಕಾಕಾನ ಮುಖ. ನನಗೆ ಬೇಜಾರಾಗಬಾರದು ಅಂತ ಅವರು ಪಡುತ್ತಿದ್ದ ಪಾಡು.

ಈಗ ನಮ್ಮ ಕಲಬುರಗಿ, ಬೀದರ್, ಯಾದಗಿರಿಯ ಹುಡುಗರು ಹೈದರಾಬಾದ್, ಬೆಂಗಳೂರಿನ ಕಂಪನಿಗಳಲ್ಲಿದ್ದಾರೆ. ಮ್ಯಾನೇಜರ್ ಕರೆಯುತ್ತಾರೆ, ವ್ಯಾಪಾರದವರು ಕರೆಯುತ್ತಾರೆ, ಬೀಗರು ಕರೆಯುತ್ತಾರೆ. ಹೋದ ತಿಂಗಳು ನನ್ನ ಅಕ್ಕನ ಮಗ ಫೋನ್ ಮಾಡಿ, "ಮಾಮಾ, ಏನ್ ಹಾಕ್ಕೊಂಡ್ ಹೋಗ್ಲಿ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕರೆದವರಿಗೆ ಒಂದು ಫೋನ್

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ಖಾಸಗಿ ಕ್ಲಬ್ ಅಂದರೆ ಸದಸ್ಯರದ್ದು. ನೀವು ಸದಸ್ಯರೊಬ್ಬರ ಅತಿಥಿ. ನಿಮ್ಮ ಹೆಸರನ್ನು ರಿಜಿಸ್ಟರ್‌ನಲ್ಲಿ ಬರೆಸಿ ಸಹಿ ಮಾಡುವವರು ಅವರು. ನೀವು ಏನೇ ತಪ್ಪು ಮಾಡಿದರೂ ಕ್ಲಬ್‌ನವರು ಮಾತು ಕೇಳುವುದು ಅವರನ್ನೇ. ಹಾಗಾಗಿ ಕೇಳಲು ನಾಚಿಕೆ ಬೇಡ. ಕೇಳಿದರೆ ಅವರಿಗೂ ಸಮಾಧಾನ.

ಏನು ಕೇಳಬೇಕು? ಆಡುವುದಕ್ಕೆ ಕರೆದಿದ್ದಾರೋ, ಜೊತೆಗೆ ನಡೆಯುವುದಕ್ಕೋ, ಬರೀ ಊಟಕ್ಕೋ ಎಂದು ಮೊದಲು ತಿಳಿದುಕೊಳ್ಳಿ. ಮೈದಾನದ ಬಟ್ಟೆ ಬೇರೆ, ರಾತ್ರಿ ಊಟದ ಹಾಲಿನ ಬಟ್ಟೆ ಬೇರೆ ಇರಬಹುದು. ಎಷ್ಟು ಗಂಟೆಗೆ ಎಲ್ಲಿ ಬರಬೇಕು, ಗೇಟಿನಲ್ಲಿ ಯಾರ ಹೆಸರು ಮತ್ತು ಯಾವ ಮೆಂಬರ್‌ಶಿಪ್ ನಂಬರ್ ಹೇಳಬೇಕು, ಗುರುತಿನ ಚೀಟಿ ತರಬೇಕಾ ಎಂದು ಕೇಳಿ. ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಅದನ್ನೂ ಕೇಳಿ, ಸುಮ್ನೆ ಕರೆದುಕೊಂಡು ಹೋಗಬೇಡಿ. ನೀವು ಶಾಕಾಹಾರಿ ಆಗಿದ್ದರೆ ಆಗಲೇ ಹೇಳಿಬಿಡಿ.

ಕ್ಲಬ್ಬಿನ ವೆಬ್‌ಸೈಟ್ ಇದ್ದರೆ ಅದರಲ್ಲಿ ಡ್ರೆಸ್ ಕೋಡ್ ಎಂಬ ಪುಟ ಸಾಮಾನ್ಯವಾಗಿ ಇರುತ್ತದೆ. ಅದನ್ನು ಒಮ್ಮೆ ಓದಿ. ಒಂದು ಕ್ಲಬ್ಬಿನಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುತ್ತದೆ ಅಂತ ಹೇಳಲು ಬರುವುದಿಲ್ಲ.

ಈ ಕ್ಲಬ್ಬುಗಳು ಇಷ್ಟೊಂದು ಕಟ್ಟುನಿಟ್ಟು ಏಕೆ ಅಂತ ಅನಿಸಬಹುದು. ಇವು ಬ್ರಿಟಿಷರ ಕಾಲದಿಂದ ಬಂದ ರೂಢಿ. ಕೋಲ್ಕತ್ತದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರದ್ದು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅವತ್ತಿನ ರೀತಿ ರಿವಾಜುಗಳಲ್ಲಿ ಕೆಲವು ಸಡಿಲವಾಗಿವೆ, ಕೆಲವು ಹಾಗೇ ಉಳಿದಿವೆ. ನಮಗೂ ಇದು ಹೊಸದೇನಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋದರೆ ತಲೆಗೆ ಬಟ್ಟೆ ಕಟ್ಟುತ್ತೇವೆ. ಬಂದೇ ನವಾಜ್ ದರ್ಗಾದಲ್ಲೂ ತಲೆ ಮುಚ್ಚುತ್ತೇವೆ. ಶರಣಬಸವೇಶ್ವರರ ಗುಡಿಯ ಹೊರಗೆ ಚಪ್ಪಲಿ ಬಿಡುತ್ತೇವೆ. ಹೋದ ಜಾಗದ ಪದ್ಧತಿ ನೋಡಿ ನಡೆಯುವುದು ನಮ್ಮ ಊರಿನ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ.

ಗಂಡಸರು ಏನು ಹಾಕಬೇಕು

ಕಾಲರ್ ಇರುವ ಟೀ ಶರ್ಟ್, ಅಂದರೆ ಅಂಗಡಿಯಲ್ಲಿ ಪೋಲೋ ಅಂತ ಕೊಡುವುದು. ಅದನ್ನು ಪ್ಯಾಂಟಿನೊಳಗೆ ಸೇರಿಸಿ ಬೆಲ್ಟ್ ಹಾಕಿ. ಪ್ಯಾಂಟು ಕಾಟನ್‌ನದ್ದು, ನೆಟ್ಟಗೆ ಇಸ್ತ್ರಿ ಮಾಡಿದ್ದು. ಸಾದಾ ಬಣ್ಣ ಇದ್ದರೆ ಚೆನ್ನ. ಜೀನ್ಸ್ ಬೇಡ. ಎಷ್ಟು ದುಬಾರಿಯದ್ದಾದರೂ ಹೆಚ್ಚಿನ ಕ್ಲಬ್ಬುಗಳು ಮೈದಾನದಲ್ಲಿ ಜೀನ್ಸ್ ಒಪ್ಪುವುದಿಲ್ಲ. ಪಕ್ಕದಲ್ಲಿ ದೊಡ್ಡ ಜೇಬಿರುವ ಕಾರ್ಗೋ ಪ್ಯಾಂಟ್, ಟ್ರ್ಯಾಕ್ ಪ್ಯಾಂಟ್, ರೌಂಡ್ ನೆಕ್, ತೋಳಿಲ್ಲದ ಬನಿಯನ್ ಥರದ್ದು ಇವೂ ಬೇಡ.

ಚಡ್ಡಿ ವಿಷಯ. ಮೊಣಕಾಲಿನವರೆಗೆ ಬರುವ, ಟೇಲರ್ ಹೊಲಿದಂಥ ನೀಟಾದ ಶಾರ್ಟ್ಸ್‌ಗೆ ಬಹಳ ಕ್ಲಬ್ಬುಗಳು ಒಪ್ಪುತ್ತವೆ, ಆದರೆ ಮೈದಾನದಲ್ಲಿ ಮಾತ್ರ. ಊಟದ ಹಾಲಿಗೆ ಅದು ನಡೆಯದಿರಬಹುದು. ಮೊದಲ ಸಲ ಹೋಗುತ್ತಿದ್ದರೆ ಪ್ಯಾಂಟೇ ಹಾಕಿ, ತಲೆಬಿಸಿ ಇಲ್ಲ.

ಇದಕ್ಕಾಗಿ ದುಡ್ಡು ಸುರಿಯುವ ಅಗತ್ಯ ಖಂಡಿತ ಇಲ್ಲ. ನಮ್ಮ ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಸಾದಾ ಕಾಲರ್ ಟೀ ಶರ್ಟ್ ಸಾಕು. ಎದೆ ಮೇಲೆ ಯಾವ ಕಂಪನಿ ಗುರುತಿದೆ ಎಂದು ಯಾರೂ ನೋಡುವುದಿಲ್ಲ. ನೋಡುವುದು ಕಾಲರ್ ಇದೆಯಾ, ಇಸ್ತ್ರಿ ಆಗಿದೆಯಾ, ಶೂ ಸ್ವಚ್ಛ ಇದೆಯಾ, ಅಷ್ಟೇ.

ಟೋಪಿ ಹಾಕಿಕೊಳ್ಳಿ, ಬಿಸಿಲಿಗೆ ಬೇಕೇ ಬೇಕು. ಆದರೆ ಅದರ ಅಂಚು ಮುಂದಕ್ಕಿರಲಿ. ಒಳಗೆ, ಅದರಲ್ಲೂ ಊಟದ ಹಾಲಿಗೆ ಕಾಲಿಡುವಾಗ ತೆಗೆದುಬಿಡಿ. ಧರ್ಮಕ್ಕೆ ಸೇರಿದ ಪಗಡಿ, ತಲೆವಸ್ತ್ರ ಇತ್ಯಾದಿ ಈ ಲೆಕ್ಕಕ್ಕೆ ಬರುವುದಿಲ್ಲ.

ಹೆಂಗಸರು

ಊಟಕ್ಕೆ ಹೋಗುವುದಾದರೆ ಸೀರೆ, ಸಲ್ವಾರ್ ಕಮೀಜ್ ಎರಡಕ್ಕೂ ಯಾವ ತೊಂದರೆಯೂ ಇಲ್ಲ. ಮೈದಾನದಲ್ಲಿ ಆಡುವುದಾದರೆ ಕಾಲರ್ ಇರುವ ಟಾಪ್, ಪ್ಯಾಂಟ್ ಅಥವಾ ಗಾಲ್ಫ್ ಸ್ಕರ್ಟ್. ಹುಲ್ಲಿನ ಮೇಲೆ ಹೀಲ್ಸ್ ಖಂಡಿತ ಬೇಡ. ಹೀಲ್ಸ್‌ನ ತುದಿ ಹುಲ್ಲಿನಲ್ಲಿ ಇಳಿದು ಗುಂಡಿ ಮಾಡುತ್ತದೆ. ಚಪ್ಪಟೆ ತಳದ ಶೂ ಇರಲಿ.

ನಮ್ಮ ಕಡೆ ಇದು ಗಂಡಸರ ಆಟ ಎಂದು ತಿಳಿದವರು ಬಹಳ ಮಂದಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಲ್ಫ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದವಳು ಬೆಂಗಳೂರಿನ ಹುಡುಗಿ ಅದಿತಿ ಅಶೋಕ್. ಕೂದಲೆಳೆಯಲ್ಲಿ ಪದಕ ತಪ್ಪಿತು. ಮನೆಯಲ್ಲಿ ಹೆಣ್ಣುಮಕ್ಕಳಿದ್ದು ಕರೆದವರು ಒಪ್ಪಿದರೆ ಅವರನ್ನೂ ಕರೆದುಕೊಂಡು ಹೋಗಿ, ನೋಡಲಿ.

ಧೋತ್ರ ಉಡುವ ಹಿರಿಯರು ಜೊತೆಗಿದ್ದರೆ

ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ, ಆದರೂ ಬರೆಯಲೇಬೇಕು. ನಮ್ಮ ಜಿಲ್ಲೆಗಳಲ್ಲಿ ಧೋತ್ರ, ಬಿಳಿ ಅಂಗಿ, ತಲೆಗೆ ಟೋಪಿ ಅಥವಾ ರುಮಾಲು ಅಂದರೆ ಮರ್ಯಾದಸ್ಥರ ಉಡುಪು. ನಮ್ಮ ದೊಡ್ಡಪ್ಪ ಮದುವೆಗೂ ಅದನ್ನೇ ಉಡುತ್ತಾರೆ, ಬ್ಯಾಂಕಿಗೂ ಅದನ್ನೇ ಉಡುತ್ತಾರೆ.

ಕೆಲವು ಹಳೆಯ ಕ್ಲಬ್ಬುಗಳಲ್ಲಿ ಧೋತ್ರಕ್ಕೆ ಅವಕಾಶ ಇಲ್ಲದ ರೂಢಿ ಇತ್ತು. 2014ರಲ್ಲಿ ಚೆನ್ನೈನ ಒಂದು ಕ್ಲಬ್ಬಿನಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಅದು ದೊಡ್ಡ ಗಲಾಟೆಯಾಗಿ, ಅದೇ ವರ್ಷ ತಮಿಳುನಾಡು ಸರ್ಕಾರ ಇಂಥ ತಡೆಯನ್ನು ತೆಗೆಯಲು ಕಾನೂನನ್ನೇ ತಂದಿತು. 2024ರಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ತಡೆದದ್ದು ನಿಮಗೆ ನೆನಪಿರಬಹುದು. ಆಗ ಸರ್ಕಾರ ಆ ಮಾಲ್ ಅನ್ನು ಏಳು ದಿನ ಮುಚ್ಚಿಸಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸ್ವಚ್ಛವಾಗಿ ಉಟ್ಟ ಧೋತ್ರಕ್ಕೆ ಎಲ್ಲ ಕಡೆಯೂ ಬಾಗಿಲು ತೆರೆದಿರಬೇಕು. ಆದರೆ ಅತಿಥಿಯಾಗಿ ಹೋದ ದಿನ ಬಾಗಿಲಲ್ಲಿ ನಿಂತು ವಾದ ಮಾಡಿದರೆ ನೋವಾಗುವುದು ಆ ಹಿರಿಯರಿಗೆ. ಅದಕ್ಕೇ ಮೊದಲೇ ಕೇಳಿ. ಬಹಳ ಕ್ಲಬ್ಬುಗಳು ಭಾರತೀಯ ಉಡುಪಿಗೆ ಜಾಗ ಕೊಟ್ಟಿವೆ. ಕುರ್ತಾ ಪೈಜಾಮ, ಮೇಲೊಂದು ಜಾಕೆಟ್, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆದರೆ ಸರಿ ಎನ್ನುವಂಥ ನಿಯಮ ಹಲವು ಕಡೆ ಇದೆ. ಧೋತ್ರ ನಡೆಯುತ್ತದೆ ಅಂದರೆ ಸಂತೋಷ. ಇಲ್ಲ ಅಂದರೆ ದೊಡ್ಡವರಿಗೆ ಬಟ್ಟೆ ಬದಲಿಸಿ ಎಂದು ಹೇಳಬೇಡಿ, ಭೇಟಿಯ ಜಾಗ ಬದಲಿಸಿ. ನಮ್ಮ ದೊಡ್ಡಪ್ಪ ಹೈದರಾಬಾದಿಗೆ ಬಂದಾಗ ಕಾಕಾ ಕ್ಲಬ್ಬಿನ ಮಾತೇ ಎತ್ತಲಿಲ್ಲ. ತಮ್ಮ ಮನೆಗೇ ಕರೆದು, ಪಕ್ಕದಲ್ಲಿ ಕೂತು ಊಟ ಮಾಡಿಸಿದರು.

ಹೊರಡುವ ಹಿಂದಿನ ರಾತ್ರಿ

ಕಲಬುರಗಿಯಿಂದ ಹೈದರಾಬಾದಿಗೆ ರಸ್ತೆಯಲ್ಲಿ ಸುಮಾರು 220 ಕಿಲೋಮೀಟರ್. ಬೀದರಿನವರಿಗೆ ಇನ್ನೂ ಹತ್ತಿರ. ಬೆಂಗಳೂರಾದರೆ ರಾತ್ರಿ ಇಡೀ ರೈಲು. ಕ್ಲಬ್ಬಿನ ಬಟ್ಟೆ ಹಾಕಿಕೊಂಡು ರೈಲಿನಲ್ಲಿ ಮಲಗಬೇಡಿ. ಮಡಚಿ ಬೇರೆ ಚೀಲದಲ್ಲಿ ಇಟ್ಟುಕೊಳ್ಳಿ, ಇಳಿದ ಮೇಲೆ ಬದಲಿಸಿ.

ಶೂ ಬಗ್ಗೆ ಸ್ವಲ್ಪ ಹೇಳಬೇಕು. ಗಾಲ್ಫ್ ಶೂ ಇಲ್ಲದಿದ್ದರೆ ಚಪ್ಪಟೆ ತಳದ ಕ್ರೀಡಾ ಶೂ ಸಾಕು. ಹಳೆಯ ಕಾಲದ ಕಬ್ಬಿಣದ ಮೊಳೆ ಇರುವ ಶೂ ಈಗ ಹೆಚ್ಚಿನ ಕಡೆ ನಡೆಯುವುದಿಲ್ಲ, ರಬ್ಬರಿನ ಮೆತ್ತನೆ ಗುಬ್ಬಿ ಇರುವವು ಮಾತ್ರ. ನಮ್ಮ ತೊಂದರೆ ಬೇರೆ. ಎರೆ ಮಣ್ಣು. ಮಳೆಗಾಲದಲ್ಲಿ ಒಮ್ಮೆ ಹೊಲದ ಬದುವಿನ ಮೇಲೆ ನಡೆದು ಬಂದ ಶೂ ಇದ್ದರೆ ಅದರ ತಳದ ಗೆರೆಗೆರೆಯಲ್ಲಿ ಕಪ್ಪು ಮಣ್ಣು ಕಲ್ಲಿನಂತೆ ಕೂತಿರುತ್ತದೆ. ಮೇಲೆ ಎಷ್ಟು ಪಾಲಿಶ್ ಮಾಡಿದರೂ ಕ್ಲಬ್ಬಿನ ಕಾರ್ಪೆಟ್ ಮೇಲೆ ಅದು ಪುಡಿಪುಡಿಯಾಗಿ ಉದುರುತ್ತದೆ. ರಾತ್ರಿಯೇ ನೀರಲ್ಲಿ ಅದ್ದಿ, ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಳ ಉಜ್ಜಿ ಒಣಗಿಸಿಬಿಡಿ.

ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲ, ಒಂದು ಬದಲಿ ಅಂಗಿ, ನೀರಿನ ಬಾಟಲಿ, ಮುಖಕ್ಕೆ ಹಚ್ಚುವ ಸನ್‌ಸ್ಕ್ರೀನ್ ಇರಲಿ. 18 ಹೋಲ್‌ಗಳ (ಹೋಲ್ ಅಂದರೆ ಚೆಂಡು ಬೀಳಿಸಬೇಕಾದ ಗುಂಡಿ) ಒಂದು ಆಟಕ್ಕೆ ನಾಲ್ಕು ಗಂಟೆ ಮೇಲೆಯೇ ಹಿಡಿಯುತ್ತದೆ. ನಡೆದರೆ ಏಳೆಂಟು ಕಿಲೋಮೀಟರ್ ಸುಲಭವಾಗಿ ಆಗುತ್ತದೆ.

ಗೇಟಿನಿಂದ ಒಳಗೆ

ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲು ಹೋಗಿ. ಗಾಲ್ಫ್‌ನಲ್ಲಿ ಆಟ ಶುರು ಮಾಡುವ ಸಮಯ ನಿಮಿಷದ ಲೆಕ್ಕದಲ್ಲಿ ಹಂಚಿರುತ್ತದೆ. ಅದಕ್ಕೆ ಟೀ ಟೈಮ್ ಅನ್ನುತ್ತಾರೆ. ಕುಡಿಯುವ ಚಹಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಚೆಂಡನ್ನು ಇಟ್ಟು ಮೊದಲ ಹೊಡೆತ ಹೊಡೆಯಲು ನೆಲಕ್ಕೆ ಚುಚ್ಚುವ ಸಣ್ಣ ಗೂಟದ ಹೆಸರು ಟೀ. ನೀವು ಹತ್ತು ನಿಮಿಷ ತಡ ಮಾಡಿದರೆ ಕರೆದವರ ಸರದಿ ಹೋಗಬಹುದು.

ಗೇಟಿನಲ್ಲಿ ಸದಸ್ಯರ ಹೆಸರು ಹೇಳಿ. ಒಳಗೆ ಹೋದ ಮೇಲೆ ಅವರು ಸಿಗುವವರೆಗೆ ರಿಸೆಪ್ಶನ್‌ನಲ್ಲೇ ಕೂತಿರಿ, ಒಬ್ಬರೇ ತಿರುಗಾಡಬೇಡಿ. ಕಾರ್ ನಿಲ್ಲಿಸುವ ಜಾಗದಲ್ಲಿ ಶರ್ಟು, ಶೂ ಬದಲಿಸುವುದು ಚೆನ್ನಾಗಿ ಕಾಣುವುದಿಲ್ಲ. ಅದಕ್ಕೆ ಒಳಗೆ ಲಾಕರ್ ಕೋಣೆ ಇರುತ್ತದೆ.

ಮೊಬೈಲ್ ಸೈಲೆಂಟ್ ಮಾಡಿ. ಊಟದ ಹಾಲಿನಲ್ಲಿ, ಮೈದಾನದಲ್ಲಿ ಫೋನ್ ಮಾತು ಬೇಡ. ತುರ್ತು ಇದ್ದರೆ ಹೊರಗೆ ಬಂದು ಮಾತಾಡಿ. ಫೋಟೋ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಕರೆದವರನ್ನು ಕೇಳಿ, ನಿಮ್ಮ ಗುಂಪಿನದ್ದು ಒಂದೆರಡು ತೆಗೆದುಕೊಳ್ಳಿ. ಬೇರೆ ಸದಸ್ಯರು, ಅವರ ಮನೆಯವರು ಫೋಟೋದಲ್ಲಿ ಬರಬಾರದು.

ವ್ಯಾಪಾರದ ಮಾತಿಗೆಂದೇ ಕರೆದಿದ್ದರೂ ಕಾಗದ ಪತ್ರ ಟೇಬಲ್ ಮೇಲೆ ಹರಡಬೇಡಿ. ಕೆಲವು ಕ್ಲಬ್ಬುಗಳಲ್ಲಿ ಅದಕ್ಕೆ ನಿಷೇಧವೇ ಇದೆ. ಮಾತು ಅಲ್ಲಿ ಆಡಿ, ಲೆಕ್ಕ ಆಮೇಲೆ ಆಫೀಸಿನಲ್ಲಿ ಮಾಡಿ.

ಹುಲ್ಲಿನ ಮೇಲೆ

ಬಟ್ಟೆಯಲ್ಲಿ ಒಂದು ಸಣ್ಣ ತಪ್ಪಾದರೆ ಜನ ಮರೆಯುತ್ತಾರೆ. ಹುಲ್ಲಿನ ಮೇಲೆ ಹೇಗೆ ನಡೆದುಕೊಂಡಿರಿ ಅನ್ನುವುದನ್ನು ಮರೆಯುವುದಿಲ್ಲ. ಇಲ್ಲಿ ಹೊಲದಲ್ಲಿ ಬೆಳೆದವರಿಗೆ ಪಟ್ಟಣದವರಿಗಿಂತ ಬೇಗ ತಿಳಿಯುತ್ತದೆ. ಇದು ನನ್ನ ಅನುಭವ.

ಆ ಹುಲ್ಲು ಯಾವುದು ಗೊತ್ತಾ? ಅವರು ಬರ್ಮುಡಾ ಅನ್ನುತ್ತಾರೆ. ಅದು ನಮ್ಮ ಗರಿಕೆ. ನಾವು ಕರಿಕೆ ಅನ್ನುತ್ತೇವಲ್ಲ, ಗಣಪತಿಗೆ ಏರಿಸುವುದು, ಅದೇ. ಮೈದಾನಗಳಲ್ಲಿ ಹಾಕುವುದು ಅದರದೇ ಸುಧಾರಿತ ತಳಿಗಳು. ತೊಗರಿ ಹೊಲದಲ್ಲಿ ಬೇರು ಸಮೇತ ಕಿತ್ತು ಬದುವಿಗೆ ಎಸೆಯುವ ಕರಿಕೆಯನ್ನು ಅಲ್ಲಿ ಮಗುವಿನಂತೆ ಸಾಕುತ್ತಾರೆ. ಹೋಲ್ ಇರುವ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅಲ್ಲಿ ಅದನ್ನು ಮೂರು ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿರುತ್ತಾರೆ. ಅಂಗೈ ಇಟ್ಟರೆ ಮಖಮಲ್ಲಿನಂತೆ ತಾಗುತ್ತದೆ.

ಗ್ರೀನ್ ಮೇಲೆ ದೂರದಿಂದ ಬಂದು ಬೀಳುವ ಚೆಂಡು ಒಂದು ಸಣ್ಣ ಕುಳಿ ಮಾಡುತ್ತದೆ. ಅದನ್ನು ಸರಿ ಮಾಡುವುದನ್ನು ನನಗೆ ಕಲಿಸಿದವರು ಒಬ್ಬ ವಯಸ್ಸಾದ ಕ್ಯಾಡಿ, ಅಂದರೆ ಆಡುವವರ ಜೊತೆ ಬ್ಯಾಗ್ ಹೊತ್ತು ನಡೆದು ನೆರವಾಗುವವರು. ನಾನು ಉಪಕರಣ ಚುಚ್ಚಿ, ಕುಳಿಯ ತಳವನ್ನು ಮೇಲಕ್ಕೆ ಎತ್ತಲು ಹೋದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಮೊಣಕಾಲೂರಿ ಕೂತರು. ಎರಡು ಹಲ್ಲಿನ ಪುಟ್ಟ ಫೋರ್ಕ್ ಅನ್ನು ಕುಳಿಯ ಅಂಚಿನ ಹೊರಗೆ ಓರೆಯಾಗಿ ಚುಚ್ಚಿ, ಹುಲ್ಲನ್ನು ನಡುವಿನ ಕಡೆಗೆ ಮೆಲ್ಲಗೆ ತಳ್ಳಿದರು. ಇನ್ನೊಂದು ಬದಿಯಿಂದ ಮತ್ತೆ. ಹೀಗೆ ನಾಲ್ಕೂ ಕಡೆಯಿಂದ ತಳ್ಳಿ ಕುಳಿ ಮುಚ್ಚಿದ ಮೇಲೆ ಪಟರ್, ಅಂದರೆ ಗ್ರೀನ್ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವ ಕೋಲಿನ ತಳದಿಂದ ಎರಡು ಸಲ ಒತ್ತಿದರು. ಎಲ್ಲಿ ಕುಳಿ ಇತ್ತು ಅಂತ ಹುಡುಕಿದರೂ ಸಿಗಲಿಲ್ಲ. ತಳದಿಂದ ಎತ್ತಿದರೆ ಬೇರು ಹರಿಯುತ್ತದೆ, ಹುಲ್ಲು ಒಣಗಿ ಅಲ್ಲಿ ಕಂದು ಕಲೆ ಉಳಿಯುತ್ತದೆ ಎಂದರು. ಸಸಿ ನೆಡುವವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಆ ಫೋರ್ಕ್ ಬಹಳ ಅಗ್ಗ. ಒಂದು ಜೇಬಿನಲ್ಲಿ ಇಟ್ಟುಕೊಂಡು, ನಿಮ್ಮ ಕುಳಿಯ ಜೊತೆ ಇನ್ನೊಬ್ಬರು ಬಿಟ್ಟು ಹೋದ ಒಂದನ್ನೂ ಸರಿ ಮಾಡಿ. ಅದನ್ನು ನೋಡಿದ ಸದಸ್ಯರು ನಿಮ್ಮನ್ನು ಮತ್ತೆ ಕರೆಯುತ್ತಾರೆ.

ಹೊಡೆಯುವಾಗ ಹುಲ್ಲಿನ ಹೆಂಟೆ ಕಿತ್ತು ಹಾರಿದರೆ ಅದಕ್ಕೆ ಡಿವಟ್ ಎನ್ನುತ್ತಾರೆ. ಅದನ್ನು ತಂದು ಅದೇ ಜಾಗದಲ್ಲಿಟ್ಟು ಕಾಲಿಂದ ಒತ್ತಬೇಕು, ಇಲ್ಲವೇ ಆ ಗುಂಡಿಗೆ ಮರಳು ತುಂಬಬೇಕು. ಕ್ಯಾಡಿ ಹತ್ತಿರ ಸಾಮಾನ್ಯವಾಗಿ ಮರಳಿನ ಚೀಲ ಇರುತ್ತದೆ. ಮರಳಿನ ಬಂಕರ್‌ಗೆ ಇಳಿಯಬೇಕಾದರೆ ತಗ್ಗಿರುವ ಕಡೆಯಿಂದ ಇಳಿಯಿರಿ. ಹೊರಗೆ ಬರುವಾಗ ಪಕ್ಕದಲ್ಲಿರುವ ರೇಕ್‌ನಿಂದ ಹೆಜ್ಜೆ ಗುರುತನ್ನೆಲ್ಲ ಅಳಿಸಿ ಸಮ ಮಾಡಿ. ಹಿಂದೆ ಬರುವವರ ಚೆಂಡು ನಿಮ್ಮ ಹೆಜ್ಜೆ ಗುಂಡಿಯಲ್ಲಿ ಬೀಳಬಾರದು.

ಇನ್ನು ನಿಲ್ಲುವ ಜಾಗ. ಒಬ್ಬರು ಹೊಡೆಯಲು ನಿಂತರೆ ಮಾತು ನಿಲ್ಲಿಸಿ, ಅಲುಗಾಡಬೇಡಿ. ಅವರ ಮುಂದೆ ನಿಲ್ಲಲೇಬಾರದು. ಚೆಂಡು ಹೋಗುವ ಗೆರೆಯ ಹಿಂದೆಯೂ ಬೇಡ. ಅವರ ಮುಖ ಇರುವ ಕಡೆ, ಅವರಿಗೆ ಕಾಣುವಂತೆ, ಹತ್ತು ಹೆಜ್ಜೆ ದೂರ ಇರಿ. ಬರೀ ಮರ್ಯಾದೆಯ ಮಾತಲ್ಲ ಇದು. ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ, ಆದರೆ ಕಲ್ಲಿನಂತೆ ಗಟ್ಟಿ. ಚೆನ್ನಾಗಿ ಆಡುವವರು ಹೊಡೆದರೆ ಗಂಟೆಗೆ 200 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತದೆ. ಎಲ್ಲಿಂದಾದರೂ "ಫೋರ್!" ಎಂಬ ಎಚ್ಚರಿಕೆಯ ಕೂಗು ಕೇಳಿದರೆ ಚೆಂಡು ಎಲ್ಲಿದೆ ಅಂತ ತಲೆ ಎತ್ತಿ ನೋಡಬೇಡಿ. ಎರಡೂ ಕೈ ತಲೆ ಮೇಲಿಟ್ಟು ಬಗ್ಗಿ ಕೂತುಬಿಡಿ. ನೀವು ಹೊಡೆದ ಚೆಂಡು ಯಾರ ಕಡೆಗಾದರೂ ಹೋದರೆ ನಾಚಿಕೆ ಬಿಟ್ಟು ಜೋರಾಗಿ ಕೂಗಿ. ಮಕ್ಕಳು ಜೊತೆಗಿದ್ದರೆ ಇದೊಂದನ್ನು ಮನೆಯಲ್ಲೇ ಎರಡು ಸಲ ಅಭ್ಯಾಸ ಮಾಡಿಸಿ.

ಗ್ರೀನ್ ಮೇಲೆ ಓಡಬಾರದು, ಕಾಲೆಳೆದು ನಡೆಯಬಾರದು. ಇನ್ನೊಬ್ಬರ ಚೆಂಡಿನಿಂದ ಹೋಲ್‌ವರೆಗಿನ ದಾರಿಯನ್ನು ತುಳಿಯಬೇಡಿ, ಸುತ್ತು ಹಾಕಿ ಹೋಗಿ. ಬಿತ್ತಿದ ಸಾಲನ್ನು ನಾವು ತುಳಿಯುತ್ತೇವಾ? ಹಾಗೇ ಇದು. ಮುಂಜಾನೆ ಬಿಸಿಲಲ್ಲಿ ನೆರಳು ಉದ್ದ ಬೀಳುತ್ತದೆ. ನಿಮ್ಮ ನೆರಳು ಆ ದಾರಿಯ ಮೇಲೆ ಬಿದ್ದಿದ್ದರೆ ಪಕ್ಕಕ್ಕೆ ಸರಿಯಿರಿ. ಗಾಲ್ಫ್ ಗಾಡಿಯನ್ನು ಗ್ರೀನ್ ಹತ್ತಿರ ತರಲೇಬೇಡಿ, ಅದಕ್ಕೆ ಹಾಕಿದ ದಾರಿಯಲ್ಲೇ ಇರಲಿ.

ಆಡುವವರಿಗೆ ಒಂದೆರಡು ಮಾತು. ಚೆಂಡು ಕಳೆದರೆ ಹುಡುಕಲು ಮೂರು ನಿಮಿಷ ಮಾತ್ರ. ಮೊದಲು ಐದು ನಿಮಿಷ ಇತ್ತು, 2019ರಿಂದ ಗಾಲ್ಫ್ ನಿಯಮಗಳಲ್ಲಿ ಕಡಿಮೆ ಮಾಡಿದ್ದಾರೆ. ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಳ್ಳಬೇಡಿ ಎನ್ನುವುದು ಅದೇ ನಿಯಮಗಳ ಸಲಹೆ. ಹಿಂದಿನ ಗುಂಪು ಕಾಯುತ್ತಿದ್ದರೆ ಅವರನ್ನು ಮುಂದೆ ಹೋಗಲು ಬಿಡಿ. ಬ್ಯಾಗಿನಲ್ಲಿ ಹೊಡೆಯುವ ಕೋಲುಗಳು (ಅವಕ್ಕೂ ಕ್ಲಬ್ ಅಂತಲೇ ಹೆಸರು) 14 ಮೀರಬಾರದು. ಬಹಳ ಕಡೆ ಆಡಲು ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್, ಅಂದರೆ ನಿಮ್ಮ ಆಟದ ಮಟ್ಟ ತೋರಿಸುವ ಪತ್ರ ಕೇಳುತ್ತಾರೆ.

ಒಮ್ಮೆಯೂ ಕೋಲು ಹಿಡಿಯದವರು "ನಾನೂ ಒಂದು ಹೊಡೆಯಲಾ?" ಎಂದು ಮೈದಾನದಲ್ಲಿ ಕೇಳಬೇಡಿ. ಕರೆದವರಿಗೆ ಇಲ್ಲ ಅನ್ನಲು ಕಷ್ಟ. ಬದಲಿಗೆ, ಆಟ ಮುಗಿದ ಮೇಲೆ ಡ್ರೈವಿಂಗ್ ರೇಂಜ್ ತೋರಿಸಿ ಎಂದು ಕೇಳಿ. ಅದು ಕಲಿಯುವವರಿಗೆಂದೇ ಇರುವ ಜಾಗ. ಒಂದು ಬುಟ್ಟಿ ಚೆಂಡು ಕೊಡುತ್ತಾರೆ, ಮನಸಾರೆ ಹೊಡೆಯಿರಿ. ಹೊಡೆದ ಚೆಂಡು ತರಲು ಮಾತ್ರ ಮುಂದಕ್ಕೆ ಹೋಗಬೇಡಿ.

ಗೋಲ್ಕೊಂಡದ ಮೈದಾನಕ್ಕೆ ಕರೆದರೆ ಸುತ್ತ ಕಣ್ಣು ಹಾಯಿಸಲು ಮರೆಯಬೇಡಿ. ಅದು ಕೋಟೆಗೆ ಸೇರಿದ ನಯಾ ಖಿಲಾದ ಹತ್ತಿರ. ಅಲ್ಲಿ ನೂರಾರು ವರ್ಷದ ಒಂದು ಬಾವೋಬಾಬ್ ಮರ ಇದೆ, ಹತಿಯಾನ್ ಕಾ ಝಾಡ್ ಅನ್ನುತ್ತಾರೆ, ಅದರ ಬುಡ ಒಂದು ಕೋಣೆಯಷ್ಟು ದಪ್ಪ. ಬಹಮನಿ ಸುಲ್ತಾನರು ಕಲಬುರಗಿಯಿಂದ ಆಳುತ್ತಿದ್ದಾಗ ಗೋಲ್ಕೊಂಡ ಅವರ ಕೈಯಲ್ಲೇ ಇತ್ತು. ನಮ್ಮ ಕೋಟೆ ನೋಡಿ ಬೆಳೆದವರಿಗೆ ಆ ಗೋಡೆಗಳು ಹೊಸದಾಗಿ ಕಾಣುವುದಿಲ್ಲ.

ಕ್ಯಾಡಿ, ಊಟ, ಬಿಲ್ಲು

ಕ್ಯಾಡಿ ಅಂದರೆ ಬ್ಯಾಗ್ ಹೊರುವ ಆಳು ಎಂದು ತಿಳಿಯಬೇಡಿ. ಆ ನೆಲದ ಇಳಿಜಾರು, ಗಾಳಿ, ಹುಲ್ಲು ಎಲ್ಲ ಅವರಿಗೆ ಗೊತ್ತು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಚಿನ್ನಸ್ವಾಮಿ ಮುನಿಯಪ್ಪ ಕ್ಯಾಡಿಯಾಗಿದ್ದವರು. ಬೆಂಗಳೂರಾದರೆ ಅಣ್ಣಾ, ಹೈದರಾಬಾದಾದರೆ ಭಾಯ್ ಎಂದು ಕರೆಯಿರಿ, ಹೆಸರು ಕೇಳಿ ನೆನಪಿಟ್ಟುಕೊಳ್ಳಿ. ಅವರಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಕರೆದವರನ್ನು ಮೆಲ್ಲಗೆ ಕೇಳಿ. ಒಂದೊಂದು ಕ್ಲಬ್ಬಿನಲ್ಲಿ ಒಂದೊಂದು ದರ ಗೊತ್ತು ಮಾಡಿರುತ್ತಾರೆ. ಮೇಲೆ ನಿಮ್ಮ ಖುಷಿಯಿಂದ ಸ್ವಲ್ಪ ಕೊಡಬಹುದು. ವೇಟರ್‌ಗಳಿಗೆ ಟಿಪ್ಸ್ ಕೊಡಲು ಮಾತ್ರ ಕೇಳದೆ ಮುಂದಾಗಬೇಡಿ, ಕೆಲವು ಕ್ಲಬ್ಬುಗಳಲ್ಲಿ ಅದು ನಿಷೇಧ.

ಊಟಕ್ಕೆ ಮೊದಲು ಕೈ ಮುಖ ತೊಳೆದು, ಬೆವರಿನ ಅಂಗಿ ಬದಲಿಸಿ. ಮೆನು ಕಾರ್ಡ್ ನೋಡಿ ಗಾಬರಿ ಬೇಡ. ಇಡ್ಲಿ, ದೋಸೆಯನ್ನು ಕೈಯಲ್ಲೇ ತಿನ್ನಿ, ಎಲ್ಲರೂ ಹಾಗೇ ತಿನ್ನುತ್ತಾರೆ. ಕುಡಿಯುವ ಅಭ್ಯಾಸ ಇಲ್ಲದಿದ್ದರೆ ಕುಡಿಯಲೇಬೇಕು ಅಂತ ಯಾವ ನಿಯಮವೂ ಇಲ್ಲ. ನಿಂಬೆ ಸೋಡಾ ಹೇಳಿ, ಅಷ್ಟೇ. ಕಾರಣ ಹೇಳುತ್ತಾ ಕೂರಬೇಡಿ.

ಬಿಲ್ಲು ಬಂದಾಗ ನಮ್ಮ ಕಡೆ ಜಗಳವೇ ನಡೆಯುತ್ತದೆ, "ನಾ ಕೊಡ್ತೀನಿ, ನೀವು ಬಿಡ್ರಿ" ಎಂದು. ಕ್ಲಬ್ಬಿನಲ್ಲಿ ಅದು ಬೇಡ. ಹೆಚ್ಚಿನ ಕಡೆ ಅತಿಥಿಯಿಂದ ನಗದು ತೆಗೆದುಕೊಳ್ಳುವುದೇ ಇಲ್ಲ, ಸದಸ್ಯರ ಖಾತೆಗೆ ಬರೆಯುತ್ತಾರೆ. ಆಡಿದ್ದರೆ ಗ್ರೀನ್ ಫೀ, ಅಂದರೆ ಮೈದಾನದಲ್ಲಿ ಆಡುವ ಶುಲ್ಕ ಕೂಡ ಅವರ ಲೆಕ್ಕಕ್ಕೇ ಹೋಗಿರುತ್ತದೆ, ಅದು ಸಣ್ಣ ಮೊತ್ತ ಆಗಿರುವುದಿಲ್ಲ. ಆ ಋಣವನ್ನು ಬೇರೆ ರೀತಿ ತೀರಿಸಿ. ನಾನು ಪ್ರತಿ ಸಲ ನಮ್ಮ ತೊಗರಿ ಬೇಳೆ ಎರಡು ಕಿಲೋ ಒಯ್ಯುತ್ತೇನೆ. 2019ರಲ್ಲಿ ಇದಕ್ಕೆ ಜಿಐ, ಅಂದರೆ ಈ ಊರಿನದೇ ವಿಶೇಷ ಬೆಳೆ ಎಂಬ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿದೆ, ಕೊಡುವಾಗ ಅದನ್ನೂ ಹೇಳುತ್ತೇನೆ. ಬೀದರಿನವರು ಒಂದು ಪುಟ್ಟ ಬಿದರಿ ಡಬ್ಬಿ ಕೊಡಬಹುದು. ಆ ಕಪ್ಪು ಬಣ್ಣ ಬರುವುದು ಬೀದರ್ ಕೋಟೆಯ ಮಣ್ಣಿನಿಂದ ಅಂತ ಹೇಳಿದರೆ ಕೇಳಿದವರು ಅದನ್ನು ಮತ್ತೊಮ್ಮೆ ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಕ್ಲಬ್ಬಿನ ಒಳಗೆ ಎಲ್ಲರ ಎದುರು ಕೊಡಬೇಡಿ. ಹೊರಡುವಾಗ ಅವರ ಕಾರಿನ ಹತ್ತಿರ ಕೊಡಿ.

ಊರಿಗೆ ಬಂದ ಮೇಲೆ ಮರುದಿನವೇ ಒಂದು ಫೋನ್ ಮಾಡಿ. ಮನೆಯವರನ್ನೂ ವಿಚಾರಿಸಿ, ಕ್ಯಾಡಿಯ ಹೆಸರು ಹೇಳಿ ಅವರು ಚೆನ್ನಾಗಿ ನೋಡಿಕೊಂಡರು ಎಂದು ತಿಳಿಸಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಹೊತ್ತಿಗೆ ನಮ್ಮ ಕಡೆ ಬರ್ರಿ ಎಂದು ಕರೆಯಿರಿ. ಕಾಕಾ ಎರಡು ಸಲ ಬಂದಿದ್ದಾರೆ. ನಮ್ಮ ಹೊಲದ ಬದುವಿನ ಮೇಲೆ ನಡೆಯುವಾಗ ಎಲ್ಲಿ ಕಾಲಿಡಲಿ ಎಂದು ಅವರು ನನ್ನನ್ನು ಕೇಳಿ ಕೇಳಿ ಇಟ್ಟರು.